ಪರಿಗ್ರಹ ಪರಿಮಾಣ ವ್ರತವೂ ಒಂದು ಕನ್ನಡ ಕಾದಂಬರಿಯೂ

ಶ್ರಾವಕನು ಸ್ವೀಕರಿಸತಕ್ಕ ಐದು ಅಣುವ್ರತಗಳಲ್ಲಿ ಕೊನೆಯದು ಪರಿಗ್ರಹ ಪರಿಮಾಣ. ಉಳಿದ ನಾಲ್ಕು ವ್ರತಗಳಿಗೆ ಭಂಗ ಬಂದರೆ ಅದು ಬೇಗನೆ ತಿಳಿದುಬರುತ್ತದೆ. ಸುಳ್ಳಾಡಿದವನಿಗೆ ತಾನು ಸುಳ್ಳಾಡಿದುದು ಗೊತ್ತು. ಕದ್ದವನಿಗೆ ಕದ್ದುದು ಗೊತ್ತು. ಐದನೆಯ ವ್ರತದ ಭಂಗವಾದರೋ ಸದ್ದಿಲ್ಲದೆ ನಡೆಯುತ್ತದೆ. ಮನೆಗೆ ಒಂದು ಸಾಮಾನು ಬರುತ್ತದೆ. ಅದರ ಬೆನ್ನಿಗೆ ಇನ್ನೊಂದು. ನೆಂಟರು ಮೆಚ್ಚುತ್ತಾರೆ, ನೆರೆಯವರು ಬೆಲೆ ವಿಚಾರಿಸುತ್ತಾರೆ, ಮನೆಯವರು ಹಿಗ್ಗುತ್ತಾರೆ. ಇದು ಪಾಪವೆಂದು ಬೆರಳು ತೋರುವವರು ಯಾರೂ ಇಲ್ಲ. ಆದುದರಿಂದಲೇ ಈ ವ್ರತವನ್ನು ಚೆನ್ನಾಗಿ ಅರಿಯಬೇಕಾದರೆ ಶಾಸ್ತ್ರದ ಲಕ್ಷಣದೊಂದಿಗೆ ಕಥೆಯ ಕನ್ನಡಿಯೂ ಬೇಕಾಗುತ್ತದೆ. ಪೂರ್ವಾಚಾರ್ಯರು ಪ್ರತಿಯೊಂದು ವ್ರತಕ್ಕೂ ಕಥೆಗಳನ್ನು ಜೋಡಿಸಿದುದು ಈ ಕಾರಣಕ್ಕಾಗಿ.

ಈ ಪಾಠದಲ್ಲಿ ಹಳೆಯ ಕಥೆಗಳೊಂದಿಗೆ ನಮ್ಮ ಕಾಲದ ಒಂದು ಕನ್ನಡ ಕಾದಂಬರಿಯನ್ನು ಇರಿಸಿ ನೋಡೋಣ. ಅದು ವಿವೇಕ ಶಾನಭಾಗರ 'ಘಾಚರ್ ಘೋಚರ್'. ಲೇಖಕರು ನಮ್ಮ ಉತ್ತರ ಕನ್ನಡ ಜಿಲ್ಲೆಯ ಅಂಕೋಲೆಯವರು, ವಿದ್ಯೆಯಿಂದ ಇಂಜಿನಿಯರರು, 'ದೇಶಕಾಲ' ಎಂಬ ಸಾಹಿತ್ಯ ಪತ್ರಿಕೆಯನ್ನು ಸಂಪಾದಿಸಿದವರು. ಈ ಕಿರುಕಾದಂಬರಿ ಕನ್ನಡದಲ್ಲಿ 2013ರಲ್ಲಿ ಪ್ರಕಟವಾಯಿತು. ಶ್ರೀನಾಥ ಪೇರೂರರು ಅದನ್ನು ಇಂಗ್ಲಿಷಿಗೆ ಅನುವಾದಿಸಿದ ಮೇಲೆ ಅಮೆರಿಕೆಯ ಓದುಗರಿಗೂ 2017ರಲ್ಲಿ ದೊರೆಯಿತು. ಇದು ಧರ್ಮಗ್ರಂಥವಲ್ಲ, ವ್ರತದ ಹೆಸರೂ ಇದರಲ್ಲಿ ಬರುವುದಿಲ್ಲ. ಆದರೂ ಹೊಸದಾಗಿ ಸಿರಿವಂತರಾದ ಒಂದು ಮನೆಯ ಒಳಗು ಹೇಗೆ ಬರಿದಾಗುತ್ತದೆಂಬುದನ್ನು ನಗೆಯ ಲೇಪದಲ್ಲಿ ಹೇಳಿ, ಕೊನೆಗೆ ನಗೆಯನ್ನೇ ನಡುಗಿಸುವ ಕೃತಿ ಇದು.

ಶಾಸ್ತ್ರದ ಮಾತು

ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಪರಿಗ್ರಹವನ್ನು ಮೂರ್ಛೆ ಎಂದು ನಿರೂಪಿಸಿದ್ದಾರೆ. ಮೂರ್ಛೆಯೆಂದರೆ 'ಇದು ನನ್ನದು' ಎಂಬ ಮೋಹದಲ್ಲಿ ಮೈಮರೆಯುವುದು. ಲೋಕದಲ್ಲಿ ಮೂರ್ಛೆ ಹೋದವನಿಗೆ ತನ್ನ ಅರಿವು ಇರುವುದಿಲ್ಲ. ವಸ್ತುವಿನಲ್ಲಿ ಮೂರ್ಛೆಗೊಂಡವನಿಗೂ ಹಾಗೆಯೇ. ತಾನು ಯಾರೆಂದು ಕೇಳಿದರೆ ತನ್ನ ಬಳಿ ಏನಿದೆಯೆಂದು ಉತ್ತರಿಸುತ್ತಾನೆ.

ಪರಿಗ್ರಹವು ಬಾಹ್ಯ ಮತ್ತು ಆಭ್ಯಂತರವೆಂದು ಎರಡು ಬಗೆ. ಹೊಲ, ಮನೆ, ಬೆಳ್ಳಿ, ಬಂಗಾರ, ಧನ, ಧಾನ್ಯ, ಆಳುಕಾಳು, ಬಟ್ಟೆಬರೆ, ಪಾತ್ರೆಪಡಗ ಮೊದಲಾದುವು ಬಾಹ್ಯ ಪರಿಗ್ರಹದ 10 ಭೇದಗಳಲ್ಲಿ ಅಡಗುತ್ತವೆ. ಮಿಥ್ಯಾತ್ವ, ನಾಲ್ಕು ಕಷಾಯಗಳು ಮತ್ತು ಹಾಸ್ಯಾದಿ ಒಂಬತ್ತು ನೋಕಷಾಯಗಳು ಸೇರಿ ಆಭ್ಯಂತರ ಪರಿಗ್ರಹ 14. ಮುನಿಗಳು ಈ 24ನ್ನೂ ತ್ಯಜಿಸಲು ಸಾಧಿಸುತ್ತಾರೆ. ಗೃಹಸ್ಥನಿಗೆ ಅದು ಸಾಧ್ಯವಿಲ್ಲದುದರಿಂದ ಅವನಿಗೆ ಹೇಳಿರುವುದು ಪರಿಮಾಣ, ಅಂದರೆ ಅಳತೆ. 'ನನಗೆ ಇಷ್ಟು ಸಾಕು' ಎಂದು ತಾನೇ ಅಳತೆ ಗೊತ್ತುಮಾಡಿ, ಅದಕ್ಕಿಂತ ಹೆಚ್ಚಿನದರಲ್ಲಿ ಆಸೆಯನ್ನು ಬಿಡುವುದು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಇದಕ್ಕೆ ಇಚ್ಛಾಪರಿಮಾಣವೆಂಬ ಇನ್ನೊಂದು ಹೆಸರನ್ನೂ ಹೇಳಿದ್ದಾರೆ. ಅಳೆಯಬೇಕಾದುದು ಕಣಜವನ್ನಷ್ಟೇ ಅಲ್ಲ, ಇಚ್ಛೆಯನ್ನು ಕೂಡ, ಎಂಬುದು ಈ ಹೆಸರಿನ ಸ್ವಾರಸ್ಯ.

ಮೀಸೆಯ ಬೆಣ್ಣೆ

ಈ ವ್ರತವಿಲ್ಲದೆ ಕೆಟ್ಟವನಿಗೆ ದೃಷ್ಟಾಂತವಾಗಿ ರತ್ನಕರಂಡಕವು ಶ್ಮಶ್ರುನವನೀತನನ್ನು ಹೆಸರಿಸುತ್ತದೆ. ಶ್ಮಶ್ರು ಎಂದರೆ ಮೀಸೆ, ನವನೀತ ಎಂದರೆ ಬೆಣ್ಣೆ. ಪ್ರಭಾಚಂದ್ರರ ಟೀಕೆಯಲ್ಲಿ ಬರುವ ಅವನ ಕಥೆ ನಮ್ಮ ಅಜ್ಜಿಯರಿಗೆ ಗೊತ್ತಿದ್ದ ಕಥೆ. ಒಬ್ಬ ಬಡವನು ಗೊಲ್ಲರ ಮನೆಯಲ್ಲಿ ಮಜ್ಜಿಗೆ ಕುಡಿದಾಗ ಮೀಸೆಗೆ ಅಂಟಿದ ಬೆಣ್ಣೆಯನ್ನು ಕಂಡನು. ದಿನದಿನವೂ ಅದನ್ನು ಒರಸಿ ಕೂಡಿಸಿ ಒಂದು ಗಡಿಗೆ ತುಪ್ಪವಾಗುವಷ್ಟು ಮಾಡಿದನು. ಚಳಿಗಾಲದ ರಾತ್ರಿ ಆ ಗಡಿಗೆಯನ್ನು ಕಾಲ ಬಳಿ ಇರಿಸಿಕೊಂಡು, ಪಕ್ಕದಲ್ಲಿ ಬೆಂಕಿ ಹಾಕಿಕೊಂಡು ಮಲಗಿದನು. ಮಲಗಿದಲ್ಲಿಯೇ ತುಪ್ಪ ಮಾರಿದನು, ಆ ಹಣದಿಂದ ವ್ಯಾಪಾರಿಯಾದನು, ಸಾಮಂತನಾದನು, ರಾಜನಾದನು, ಚಕ್ರವರ್ತಿಯೂ ಆದನು. ಏಳು ಅಂತಸ್ತಿನ ಅರಮನೆಯಲ್ಲಿ ಪಟ್ಟದ ರಾಣಿ ಬಂದು ಕಾಲೊತ್ತುತ್ತಿದ್ದಾಳೆ. 'ನಿನಗೆ ಕಾಲೊತ್ತಲು ಬರುವುದಿಲ್ಲ' ಎಂದು ಅವಳನ್ನು ಒದೆದನು. ಒದೆದ ಕಾಲು ಗಡಿಗೆಗೆ ತಾಗಿತು. ತುಪ್ಪ ಬೆಂಕಿಗೆ ಸುರಿಯಿತು. ಚಕ್ರವರ್ತಿ ಸುಟ್ಟು ಸತ್ತನು.

ಈ ಕಥೆಗೆ ನಗುತ್ತೇವೆ. ನಗುವಾಗ ಎರಡು ಅಂಶಗಳನ್ನು ಗಮನಿಸಬೇಕು. ಮೊದಲನೆಯದು, ಗಡಿಗೆಯಲ್ಲಿದ್ದ ತುಪ್ಪ ಅಲ್ಪ. ಆದರೆ ಮೂರ್ಛೆ ಆರು ಖಂಡದಷ್ಟು. ಎರಡನೆಯದು, ಐಶ್ವರ್ಯವು ಕನಸಿನಲ್ಲಿ ಬಂದೊಡನೆ ಅವನು ಮಾಡಿದ ಮೊದಲ ಕಾರ್ಯ ದಾನವಲ್ಲ, ಪೂಜೆಯಲ್ಲ. ಸೇವೆ ಮಾಡುತ್ತಿದ್ದ ಹೆಂಗಸನ್ನು ಒದೆದುದು. ಪರಿಗ್ರಹದಿಂದ ಹಿಂಸೆಗೆ ಎಷ್ಟು ದೂರವೆಂದು ಕೇಳಿದರೆ ಒಂದು ಕಾಲಿನ ದೂರವೆಂದು ಕಥೆ ಹೇಳುತ್ತದೆ. ಈ ಎರಡನೆಯ ಅಂಶವನ್ನು ನೆನಪಿನಲ್ಲಿಟ್ಟುಕೊಂಡು ಕಾದಂಬರಿಗೆ ಬರೋಣ.

ಸೋನಾ ಮಸಾಲಾ ಮನೆ

ಬೆಂಗಳೂರಿನ ಒಂದು ಕೆಳಮಧ್ಯಮ ವರ್ಗದ ಮನೆ. ತಂದೆ ಚಹಪುಡಿಯ ಕಂಪನಿಯ ಮಾರಾಟಗಾರ. ತಾಯಿ, ಮಗಳು ಮಾಲತಿ, ಕಥೆ ಹೇಳುವ ಮಗ, ಮದುವೆಯಾಗದ ಚಿಕ್ಕಪ್ಪ. ಸಾಲಾಗಿ ಜೋಡಿಸಿದ ಸಣ್ಣ ಕೋಣೆಗಳ ಮನೆಯಲ್ಲಿ ಐವರ ವಾಸ. ತಂದೆ ದಿನವೂ ಸಂಜೆ ಅಂದಿನ ಲೆಕ್ಕವನ್ನು ತಾಳೆ ನೋಡುವನು. ಲೆಕ್ಕ ಕೂಡದಿದ್ದರೆ ಮನೆಮಂದಿಯೆಲ್ಲ ಆತಂಕದಿಂದ ಸುತ್ತ ಕೂಡುವರು. ಒಂದು ವಸ್ತು ಕೊಳ್ಳಬೇಕಾದರೆ ಎಲ್ಲರ ಮಾತೂ ಬೇಕು. ಮನೆಗೆ ಗ್ಯಾಸಿನ ಒಲೆ ಬಂದುದೇ ಒಂದು ಹಬ್ಬ.

ತಂದೆಯ ನೌಕರಿ ಹೋಗುತ್ತದೆ. ಆಗ ಚಿಕ್ಕಪ್ಪನು ಸೋನಾ ಮಸಾಲಾ ಎಂಬ ವ್ಯಾಪಾರವನ್ನು ತೊಡಗುತ್ತಾನೆ. ಅಣ್ಣನಿಗೆ ನೌಕರಿ ಬಿಡುವಾಗ ದೊರೆತ ಹಣವೂ ಅದರಲ್ಲಿ ತೊಡಗುತ್ತದೆ. ಮಸಾಲೆಯ ಪದಾರ್ಥಗಳನ್ನು ಸಗಟಾಗಿ ತರಿಸಿ ಸಣ್ಣ ಪೊಟ್ಟಣ ಕಟ್ಟಿ ಮಾರುವ ಕೆಲಸ. ಅದು ಕೈಹಿಡಿಯುತ್ತದೆ. ದೊಡ್ಡ ಮನೆ, ಹೊಸ ಪೀಠೋಪಕರಣ, ಒಬ್ಬೊಬ್ಬರಿಗೆ ಒಂದೊಂದು ಕೋಣೆ. ಮಗನಿಗೆ ಕಂಪನಿಯ ನಿರ್ದೇಶಕನೆಂಬ ಹುದ್ದೆ, ತಿಂಗಳಿಗೆ ಸಂಬಳ, ಮಾಡಲು ಕೆಲಸವಿಲ್ಲ. ಅವನು ಕಾಫಿ ಹೌಸಿನಲ್ಲಿ ಹೋಗಿ ಕೂಡುತ್ತಾನೆ. ಅಲ್ಲಿಯ ಮಾಣಿ ವಿನ್ಸೆಂಟನ ಒಂದೆರಡು ಮಾತೇ ಅವನಿಗೆ ಉಪದೇಶದಂತೆ ತೋರುತ್ತದೆ. ಇಡೀ ಕೃತಿಯಲ್ಲಿ ಈ ನಿರೂಪಕನಿಗೆ ಹೆಸರಿಲ್ಲ. ಮಾಣಿಗೆ ಹೆಸರಿದೆ, ಮಸಾಲೆಗೆ ಹೆಸರಿದೆ, ನಿರ್ದೇಶಕನಿಗೆ ಇಲ್ಲ. ವಿಡಂಬನೆಯ ಮೊನೆ ಇಲ್ಲಿದೆ.

ಅವನ ಹೆಂಡತಿಯಾಗಿ ಹೈದರಾಬಾದಿನಿಂದ ಬಂದ ಅನಿತಾ ಮಾತ್ರ ಈ ಮೂರ್ಛೆಗೆ ಒಳಗಾಗದವಳು. ಗಂಡನಿಗೆ ಸ್ವಂತ ದುಡಿಮೆಯಿಲ್ಲವೆಂದು ಮದುವೆಯಾದ ಮೇಲೆ ಅವಳಿಗೆ ತಿಳಿಯುತ್ತದೆ. ಚಿಕ್ಕಪ್ಪನ ಹಣದಲ್ಲಿ ತನಗೆ ಉಡುಗೊರೆ ತರುವ ಗಂಡನನ್ನು ಅವಳು ಪ್ರಶ್ನಿಸುತ್ತಾಳೆ. ಮನೆಯಲ್ಲಿ ಯಾರೂ ಕೇಳಬಾರದ ಪ್ರಶ್ನೆಯನ್ನು ಕೇಳಿದುದೇ ಅವಳ ಅಪರಾಧ. ಬಾಲ್ಯದಲ್ಲಿ ಅವಳೂ ಅವಳ ಒಡಹುಟ್ಟಿದವನೂ ಬಿಡಿಸಲಾಗದಂತೆ ಸಿಕ್ಕಾದುದಕ್ಕೆ ಇಟ್ಟ ಆಟದ ಹೆಸರು 'ಘಾಚರ್ ಘೋಚರ್'. ಯಾವ ನಿಘಂಟಿನಲ್ಲಿಯೂ ಇಲ್ಲದ ಆ ಶಬ್ದವೇ ಕೊನೆಗೆ ಆ ಮನೆಯ ಸ್ಥಿತಿಗೆ ತಕ್ಕ ಶಬ್ದವಾಗುತ್ತದೆ.

ಇಲ್ಲದುದರಿಂದ ಬಂದ ಮಿತಿ

ವಾಚಕರಲ್ಲಿ ಇಲ್ಲೊಂದು ಸಂದೇಹ ಏಳಬಹುದು. ಹಳೆಯ ಮನೆಯಲ್ಲಿ ಅವರು ಮಿತವಾಗಿಯೇ ಬಾಳಿದ್ದರಲ್ಲ? ಲೆಕ್ಕವಿಟ್ಟು, ಕೂಡಿ ಆಲೋಚಿಸಿ, ಹಂಚಿ ಉಂಡವರು ಹಣ ಬಂದೊಡನೆ ಹೀಗಾದುದು ಹೇಗೆ?

ಈ ಪಾಠದ ತಿರುಳು ಇದರ ಉತ್ತರದಲ್ಲಿದೆ. ಅವರ ಮಿತಿಯು ಅವರದಾಗಿರಲಿಲ್ಲ, ಅದು ಹಣದ್ದು. ಇಲ್ಲದುದರಿಂದ ಬಂದ ಮಿತಿಯು ಇರುವಿಕೆ ಬಂದ ದಿನವೇ ಕರಗುತ್ತದೆ. ತಂದೆಯ ಲೆಕ್ಕದ ಪುಸ್ತಕವು ಕಂಪನಿಗೆ ಅಂಜಿ ಬರೆದುದು. ಅಂಜಿಕೆ ಹೋದ ಮೇಲೆ ಪುಸ್ತಕ ಮುಚ್ಚಿತು. ಸಂಜೆ ಲೆಕ್ಕ ನೋಡುವುದಕ್ಕೂ ಶ್ರಾವಕನು ಸಂಜೆ ಪ್ರತಿಕ್ರಮಣ ಮಾಡುವುದಕ್ಕೂ ಹೊರಗಿನ ಹೋಲಿಕೆಯಿದೆ. ಎರಡರಲ್ಲಿಯೂ ದಿನದ ಆಗುಹೋಗುಗಳ ತಾಳೆ ಇದೆ. ಆದರೆ ಪ್ರತಿಕ್ರಮಣದ ಲೆಕ್ಕವನ್ನು ಕೇಳುವ ಯಜಮಾನನು ಹೊರಗೆ ಇಲ್ಲ. ಆದುದರಿಂದ ನೌಕರಿ ಹೋದರೂ ಸಂಪತ್ತು ಬಂದರೂ ಅದು ನಿಲ್ಲುವ ಕಾರಣವಿಲ್ಲ.

ಈ ಭೇದವನ್ನು ಅರಿಯಲು ದೂರ ಹೋಗಬೇಕಾಗಿಲ್ಲ. ಕಾಳಿ ನದಿಗೆ ಸೂಪಾದಲ್ಲಿ 101 ಮೀಟರ್ ಎತ್ತರದ ಅಣೆಕಟ್ಟು ಎದ್ದಾಗ ಹಳೆಯ ಸೂಪಾ ಊರೂ ಸುತ್ತಲಿನ ಹಳ್ಳಿಗಳೂ ಹಿನ್ನೀರಿನಲ್ಲಿ ಮುಳುಗಿದುವು. ತಾಲೂಕಿಗೆ ಜೋಯಿಡಾ ಎಂಬ ಹೆಸರೇ ಉಳಿಯಿತು. ರಾಮನಗರ ಮೊದಲಾದೆಡೆಗೆ ಹೋದ ಕುಟುಂಬಗಳು ಹೊಲಮನೆಗಳನ್ನು ಬಿಟ್ಟುದು ತಮ್ಮ ಇಚ್ಛೆಯಿಂದಲ್ಲ. ಮುಂಡಗೋಡದ ಬಯಲಿನಲ್ಲಿ 1966ರಲ್ಲಿ ನೆಲೆಗೊಳಿಸಲ್ಪಟ್ಟ ಟಿಬೆಟಿನ ಜನರೂ ದೇಶವನ್ನೇ ಕಳೆದುಕೊಂಡು ಬಂದವರು. ಅವರ ಕಷ್ಟವನ್ನು ತ್ಯಾಗವೆಂದು ಹೊಗಳುವುದು ಅನ್ಯಾಯ. ಅದು ಹಾನಿ, ಅದಕ್ಕೆ ಸಲ್ಲತಕ್ಕದ್ದು ಕರುಣೆ ಮತ್ತು ನ್ಯಾಯ. ಆದರೆ ಅದೇ ಮುಂಡಗೋಡದ ಗಾದೆನ್ ಮತ್ತು ಡ್ರೆಪುಂಗ್ ವಿಹಾರಗಳಲ್ಲಿ ಭಿಕ್ಷುದೀಕ್ಷೆ ಪಡೆದು ಅಲ್ಪ ವಸ್ತುಗಳಲ್ಲಿ ಬಾಳುವವರ ಮಾತು ಬೇರೆ. ಅವರು ಬೇಡವೆಂದುದು ತಾವೇ. ಕಳೆದುಹೋದುದು ಬೇರೆ, ಬಿಟ್ಟುದು ಬೇರೆ. ದೊರೆಯದೆ ಉಪವಾಸವಿರುವವನು ಹಸಿದವನು. ದೊರೆತರೂ ಉಣ್ಣದಿರುವವನು ಉಪವಾಸಿ. ಹಸಿದವನಿಗೆ ನಾವು ಅನ್ನವಿಕ್ಕಬೇಕು. ಉಪವಾಸಿಯಿಂದ ನಾವು ಕಲಿಯಬೇಕು.

ಹಳಿಯಾಳದ ಕಡೆ ಕಬ್ಬಿನ ಬಿಲ್ಲು ಕೈಗೆ ಬಂದ ವಾರವನ್ನು ನೆನೆಯಿರಿ. ದಾಂಡೇಲಿಯಲ್ಲಿ 1955ರಲ್ಲಿ ಸ್ಥಾಪನೆಯಾದ ಕಾಗದದ ಕಾರ್ಖಾನೆಯಂಥ ಕಡೆ ದುಡಿದು ನಿವೃತ್ತಿಯ ಇಡುಗಂಟನ್ನು ತಂದ ದಿನವನ್ನು ನೆನೆಯಿರಿ. ಮನೆಯ ಮಿತಿ ನಮ್ಮದೋ ಹಣದ್ದೋ ಎಂಬುದು ಗೊತ್ತಾಗುವುದು ಅಂತಹ ದಿನ. ವ್ರತವನ್ನು ಆ ದಿನಕ್ಕಿಂತ ಮುಂಚೆ ಕೈಕೊಂಡಿರಬೇಕೆಂದು ಹಿರಿಯರು ಹೇಳುತ್ತಿದ್ದುದು ಇದಕ್ಕಾಗಿ. ಹೊಳೆ ಬಂದ ಮೇಲೆ ಒಡ್ಡು ಕಟ್ಟಲಾಗದು.

ಇರುವೆಯಿಂದ ಮನುಷ್ಯರವರೆಗೆ

ಕಾದಂಬರಿಯ ಹಳೆಯ ಮನೆಯಲ್ಲಿ ಇರುವೆಗಳ ಕಾಟ ಬಹಳ. ತಾಯಿ, ಮಗಳು ಅವುಗಳೊಡನೆ ಒಂದು ಯುದ್ಧವನ್ನೇ ಹೂಡುತ್ತಾರೆ. ಬರಬರುತ್ತ ಕೊಲ್ಲುವುದರಲ್ಲಿ ಅವರಿಗೆ ಹಿಂಜರಿಕೆ ಹೋಗುತ್ತದೆ, ನಿರೂಪಕನಿಗೂ ಹೋಗುತ್ತದೆ. ಬೇರೆ ಓದುಗರು ಇದನ್ನು ನಗುತ್ತ ದಾಟಿಯಾರು. ಸಂಜೆಯಾಗುವ ಮುನ್ನ ಉಂಡು, ನೀರು ಸೋಸಿ ಕುಡಿಯುವ ಮನೆಗಳಲ್ಲಿ ಬೆಳೆದವರಿಗೆ ಇಲ್ಲಿ ಮೈ ಜುಮ್ಮೆನ್ನುತ್ತದೆ. ಅಭ್ಯಾಸವಾದ ಕೈ ಎಲ್ಲಿಗೆ ಹೋಗಿ ಮುಟ್ಟೀತೆಂದು ನಾವು ಬಲ್ಲೆವು.

ಮುಂದೆ ಸಿರಿ ಬಂದ ಮೇಲೆ ಒಬ್ಬ ಹೆಂಗಸು ಚಿಕ್ಕಪ್ಪನನ್ನು ಹುಡುಕಿಕೊಂಡು ಆ ಮನೆಯ ಬಾಗಿಲಿಗೆ ಬರುತ್ತಾಳೆ. ಅವನಿಗೆ ಇಷ್ಟವೆಂದು ಬೇಳೆಯ ಅಡಿಗೆಯನ್ನು ಮಾಡಿ ತಂದಿದ್ದಾಳೆ. ತಾಯಿ, ಮಗಳು ಅವಳನ್ನು ಹೀನವಾಗಿ ಬೈದು ಅಟ್ಟುತ್ತಾರೆ. ತಂದ ಅಡಿಗೆ ಬೀದಿಯ ಪಾಲಾಗುತ್ತದೆ. ಅವಳು ಯಾರು, ಅವಳಿಗೆ ಏನು ಅನ್ಯಾಯವಾಗಿದೆ ಎಂದು ಕೇಳುವವರಿಲ್ಲ. ಕೇಳಿದರೆ ಚಿಕ್ಕಪ್ಪನು ಮುನಿದಾನು. ಚಿಕ್ಕಪ್ಪ ಮುನಿದರೆ ಹಣ ಮುನಿದೀತು. ಇದನ್ನು ಕಂಡು ಕನಲಿದವಳು ಅನಿತಾ ಒಬ್ಬಳೇ. ಹಿಂದೆ ಇರುವೆಯ ಸಾಲಿನ ಮೇಲೆ ಹರಿದ ಕೈಯೇ ಇಂದು ಮನುಷ್ಯಳ ಮೇಲೆ ಹರಿಯಿತೆಂಬುದನ್ನು ಲೇಖಕರು ಬಾಯಿಬಿಟ್ಟು ಹೇಳುವುದಿಲ್ಲ. ಜೋಡಿಸಿಕೊಳ್ಳುವ ಹೊಣೆ ಓದುಗರದು.

ಕೊನೆಯ ಪುಟಗಳಲ್ಲಿ ಅನಿತಾ ಊರಿಗೆ ಹೋಗಿದ್ದಾಳೆ. ಅವಳ ಸುದ್ದಿಗಾಗಿ ಗಂಡನು ಕಾಫಿ ಹೌಸಿನಲ್ಲಿ ಕಾಯುತ್ತಿದ್ದಾನೆ. ಮನೆಯವರು ಆಡಿಕೊಂಡ ಮಾತುಗಳು ಅವನ ಮನಸ್ಸಿನಲ್ಲಿ ಹೊರಳುತ್ತವೆ. ಅವನ ಕೈಯಲ್ಲಿ ನೆತ್ತರು ಕಾಣುತ್ತದೆ. ಏನು ನಡೆಯಿತೆಂದು ಲೇಖಕರು ತಿಳಿಸದೆ ಕಥೆಯನ್ನು ನಿಲ್ಲಿಸುತ್ತಾರೆ. ನಿರೂಪಕನು ಕೆಟ್ಟವನಲ್ಲ, ಯಾರ ಮೇಲೂ ಕೈಯೆತ್ತಿದವನಲ್ಲ. ಆದರೆ ತಡೆಯಬೇಕಾದಾಗ ಮಾತಾಡಿದವನೂ ಅಲ್ಲ. ಕೃತ, ಕಾರಿತ, ಅನುಮೋದನವೆಂಬ ಮೂರರಲ್ಲಿ ಅನುಮೋದನದ ಹಿಂಸೆ ಎಷ್ಟು ಮೌನವಾಗಿರುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ದೊರೆಯುವುದು ಕಷ್ಟ. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಪರಿಗ್ರಹವನ್ನು ಹಿಂಸೆಯಲ್ಲಿಯೇ ಸೇರಿಸಿ ವಿಚಾರಿಸಿದ್ದಾರೆ. ಮೀಸೆಯ ಬೆಣ್ಣೆಯವನು ಒದೆದ ಕಾಲು, ಈ ಮನೆಯವರ ಮೌನ ಇವೆರಡೂ ಆ ವಿಚಾರಕ್ಕೆ ಸಾಕ್ಷಿ.

ಸಮುದ್ರದಾಚೆಯ ಲೇಖಕರಿಗೂ ಈ ಸತ್ಯ ಕಂಡಿದೆ. ಅಮೆರಿಕದ ಬ್ರೆಟ್ ಈಸ್ಟನ್ ಎಲ್ಲಿಸ್ ಎಂಬವರ 'ಅಮೆರಿಕನ್ ಸೈಕೋ' ಎಂಬ ವಿಡಂಬನ ಕಾದಂಬರಿ 1991ರಲ್ಲಿ ಹೊರಬಂತು. ಘೋರ ಹಿಂಸೆಯ ವರ್ಣನೆಗಳಿರುವುದರಿಂದ ಅದು ನಮ್ಮ ಮನೆಗಳ ಓದಿಗೆ ತಕ್ಕುದಲ್ಲ. ಅದರ ಹಂದರವನ್ನಷ್ಟು ತಿಳಿದರೆ ಸಾಕು. ನ್ಯೂಯಾರ್ಕಿನ ಹಣದ ಪೇಟೆಯ ಯುವಕರು ಉಡುಪಿನ ಮುದ್ರೆಗಳನ್ನು ಪಟ್ಟಿ ಹೇಳುತ್ತಾರೆ. ಹೆಸರಿನ ಚೀಟಿಯ ಕಾಗದ ಯಾರದು ಮೇಲೆಂದು ಪೈಪೋಟಿ ನಡೆಸುತ್ತಾರೆ. ಒಬ್ಬನನ್ನು ಇನ್ನೊಬ್ಬನೆಂದು ತಿಳಿದು ಮಾತಾಡಿಸುತ್ತಾರೆ. ಎಲ್ಲರೂ ಒಂದೇ ಬಗೆಯ ವಸ್ತುಗಳಿಂದ ತಮ್ಮನ್ನು ಕಟ್ಟಿಕೊಂಡುದರಿಂದ ಯಾರು ಯಾರೆಂಬುದು ಅಳಿದುಹೋಗಿದೆ. ಆ ಬರಿದಿನೊಳಗಿಂದ ಹೊರಟುದು ಅಲ್ಲಿಯೂ ಹಿಂಸೆಯೇ.

ಐದು ಅತಿಚಾರಗಳು ಮತ್ತು ನಮ್ಮ ಕಾಲ

ರತ್ನಕರಂಡಕವು ಈ ವ್ರತಕ್ಕೆ ಅತಿವಾಹನ, ಅತಿಸಂಗ್ರಹ, ಅತಿವಿಸ್ಮಯ, ಅತಿಲೋಭ, ಅತಿಭಾರವಹನ ಎಂಬ ಐದು ಅತಿಚಾರಗಳನ್ನು ಹೇಳುತ್ತದೆ. ಇವನ್ನು ಇಂದಿನ ಮನೆಗಳಿಗೆ ಹೊಂದಿಸಿ ನೋಡತಕ್ಕದ್ದು.

ಅತಿವಾಹನವೆಂದರೆ ಲೋಭದಿಂದ ಎತ್ತು ಮೊದಲಾದವನ್ನು ಶಕ್ತಿ ಮೀರಿ ದುಡಿಸುವುದು. ಇಂದು ಎತ್ತಿನ ಜಾಗದಲ್ಲಿ ಮನೆಗೆಲಸದ ಹೆಂಗಸು ಇರಬಹುದು. ನಾವು ಫೋನಿನಲ್ಲಿ ಕೇಳಿದ ಸಾಮಾನನ್ನು ಮಳೆಯಲ್ಲಿ ತಂದುಕೊಡುವ ಹುಡುಗನಿರಬಹುದು.

ಅತಿಸಂಗ್ರಹವೆಂದರೆ ಬೇಕಾದುದಕ್ಕಿಂತ ಹೆಚ್ಚು ಕೂಡಿಡುವುದು. ಹಿಂದೆ ಧಾನ್ಯವನ್ನು ಬೆಲೆ ಏರಲೆಂದು ಹೂಳಿಡುತ್ತಿದ್ದರು. ಇಂದು ಕಪಾಟು ತೆರೆದರೆ ಒಮ್ಮೆಯೂ ಉಡದ ಸೀರೆ ಕಾಣುತ್ತದೆ.

ಅತಿವಿಸ್ಮಯವು ಪರರ ಸಂಪತ್ತನ್ನು ಕಂಡು ಬೆರಗಾಗಿ ಒಳಗೇ ಬೇಯುವುದು. ಹಿಂದೆ ಇದು ಮದುವೆಮುಂಜಿಗಳಿಗೆ ಹೋದಾಗ ಮಾತ್ರ ಬರುತ್ತಿದ್ದ ರೋಗ. ಇಂದು ಫೋನಿನ ಪರದೆಯಲ್ಲಿ ಊರಿನವರೆಲ್ಲರ ಮನೆ, ವಾಹನ, ಪ್ರವಾಸಗಳು ದಿನಕ್ಕೆ ನೂರು ಸಲ ಕಾಣುತ್ತವೆ. ದಾಂಡೇಲಿ, ಗಣೇಶಗುಡಿಗಳ ಕಡೆ ಕಾಳಿಯ ದಡದ ವಿಹಾರಧಾಮಗಳಿಗೆ ರಜೆಯಲ್ಲಿ ಬರುವವರನ್ನು ನಾವು ಬಲ್ಲೆವು. ಕಾಡಿನ ಮೌನಕ್ಕಾಗಿ ಹಣ ತೆತ್ತು ಬಂದವರಲ್ಲಿ ಕೆಲವರು ಹೊಳೆಗೆ ಬೆನ್ನು ಮಾಡಿ ನಿಂತು ತಮ್ಮ ಪಟವನ್ನೇ ತೆಗೆದುಕೊಳ್ಳುತ್ತಾರೆ. ಹೊಳೆಯನ್ನು ಕಂಡವರು ಯಾರು? ಪಟವನ್ನು ಕಂಡು ವಿಸ್ಮಯಪಡುವವರು ಇನ್ನೆಲ್ಲಿಯೋ ಇದ್ದಾರೆ. ಅವರ ವಿಸ್ಮಯಕ್ಕಾಗಿಯೇ ಇವರ ಪ್ರವಾಸ.

ಅತಿಲೋಭವು ತಕ್ಕ ಲಾಭ ಬಂದರೂ ತಣಿಯದಿರುವುದು. ಅತಿಭಾರವಹನವು ಹೊರಲಾಗದ ಹೊರೆಯನ್ನು ಹೊರಿಸುವುದು. ಕಂತಿನ ಮೇಲೆ ಕಂತು ತೆಗೆದು, ಮಕ್ಕಳ ನಾಳೆಯ ದುಡಿಮೆಯನ್ನು ಇಂದೇ ಅಡವಿಡುವ ಸಾಲಕ್ಕೆ ಈ ಹೆಸರು ಚೆನ್ನಾಗಿ ಒಪ್ಪುತ್ತದೆ. ಅಲ್ಲಿ ಎತ್ತು ನಾವೇ, ಹೊರಿಸುವವರೂ ನಾವೇ.

ಸಾಸಿವೆಯ ಕಾಳು ಚುಚ್ಚಿದವನು

ಸಿರಿಯಲ್ಲಿ ಹುಟ್ಟಿದವನಿಗೆ ಬಿಡುಗಡೆಯ ದಾರಿ ಇಲ್ಲವೇ? ಇದೆಯೆಂದು ವಡ್ಡಾರಾಧನೆಯ 19 ಕಥೆಗಳಲ್ಲಿ ಮೊದಲನೆಯದಾದ ಸುಕುಮಾರಸ್ವಾಮಿಯ ಕಥೆ ಹೇಳುತ್ತದೆ. ಮುಂಡಗೋಡಕ್ಕೆ ನೆರೆಯದಾದ ಬನವಾಸಿ ನಾಡಿನಲ್ಲಿ ಕವಿ ಶಾಂತಿನಾಥನು 1068ರ ಸುಮಾರಿಗೆ ಈ ಕಥೆಯನ್ನೇ 'ಸುಕುಮಾರಚರಿತೆ' ಎಂಬ ಚಂಪೂಕಾವ್ಯವಾಗಿ ರಚಿಸಿದನು.

ಉಜ್ಜಯಿನಿಯ ಸೆಟ್ಟಿಯ ಮಗ ಸುಕುಮಾರ. ಮುನಿದರ್ಶನವಾದರೆ ಮಗ ಮನೆ ಬಿಡುವನೆಂದು ಅಂಜಿ ತಾಯಿ ಯಶೋಭದ್ರೆ ಅವನನ್ನು ಹೊರಲೋಕದ ಸೋಂಕಿಲ್ಲದೆ ಬೆಳೆಸುತ್ತಾಳೆ. ಅವನಿಗೆ 32 ಹೆಂಡಿರು. ಅರಸನೂ ಕೊಳ್ಳಲಾಗದ ರತ್ನಕಂಬಳವನ್ನು ಅವಳು ಕೊಂಡು ಸೊಸೆಯರ ಪಾದರಕ್ಷೆಗೆಂದು ಹರಿಯುತ್ತಾಳೆ. ಅರಸನು ಬೆರಗಾಗಿ ಮನೆಗೆ ಬರುತ್ತಾನೆ. ಜೊತೆಗೆ ಕುಳಿತ ಸುಕುಮಾರನ ಕಣ್ಣಲ್ಲಿ ನೀರು, ಕುಳಿತಲ್ಲಿ ಚಡಪಡಿಕೆ, ಉಣ್ಣುವಾಗ ಅನ್ನವನ್ನು ಕೆಲವು ನುಂಗಿ ಕೆಲವು ಉಗುಳುವುದು. ಇವನಿಗೆ ಮೂರು ರೋಗಗಳಿವೆಯೆಂದು ಅರಸನು ಮರುಗುತ್ತಾನೆ. ತಾಯಿ ವಿವರಿಸುತ್ತಾಳೆ: ರತ್ನದ ಬೆಳಕನ್ನು ಮಾತ್ರ ಕಂಡ ಕಣ್ಣಿಗೆ ದೀಪದ ಬೆಳಕು ತಾಳದು, ಸೇಸೆಯ ಸಾಸಿವೆಯ ಕಾಳು ಮೈಗೆ ಚುಚ್ಚಿತು, ತಾವರೆಯಲ್ಲಿಟ್ಟ ಅಕ್ಕಿಯ ಅನ್ನದಲ್ಲಿ ಸಾಧಾರಣ ಅಕ್ಕಿ ಬೆರೆತಿತ್ತು.

ಪ್ರಾಚೀನರ ವಿಡಂಬನೆ ಎಷ್ಟು ಸೂಕ್ಷ್ಮವೆಂದು ನೋಡಿರಿ. ಅರಸನು ರೋಗವೆಂದನು; ತಾಯಿ ಭೋಗವೆಂದಳು; ಲಕ್ಷಣ ಮಾತ್ರ ಒಂದೇ. ಸುಕುಮಾರನೂ ಸೋನಾ ಮಸಾಲಾ ಮನೆಯ ಮಗನೂ ಇಲ್ಲಿಯವರೆಗೆ ಒಂದೇ. ಇಬ್ಬರೂ ಉಟ್ಟುದು, ಉಂಡುದು, ಇದ್ದುದು ಪರರು ಗೊತ್ತುಮಾಡಿದುದು. ಭೇದ ಬರುವುದು ಮುಂದೆ. ಒಂದು ದಿನ ಮುನಿಗಳ ಸ್ವಾಧ್ಯಾಯದ ಧ್ವನಿ ಕಿವಿಗೆ ಬಿದ್ದು ಸುಕುಮಾರನಿಗೆ ಪೂರ್ವಭವದ ಸ್ಮರಣೆಯಾಗುತ್ತದೆ. ಆಯುಷ್ಯವು ಮೂರೇ ದಿನವೆಂದು ತಿಳಿಯುತ್ತದೆ. ಅವನು ಮನೆಯಿಂದ ಇಳಿದು ನಡೆಯುತ್ತಾನೆ. ಎಂದೂ ನೆಲ ಮುಟ್ಟದ ಅಂಗಾಲುಗಳಿಂದ ನೆತ್ತರು ಹರಿಯುತ್ತದೆ. ಆ ಜಾಡು ಹಿಡಿದು ಬಂದ ನರಿ ಮರಿಗಳೊಡನೆ ಅವನನ್ನು ಮೂರು ರಾತ್ರಿ ತಿನ್ನುತ್ತದೆ. ಅವನು ಧ್ಯಾನದಿಂದ ಕದಲುವುದಿಲ್ಲ. ಸಾಸಿವೆಗೆ ನೊಂದವನು ಹಲ್ಲಿಗೆ ಅಲುಗಲಿಲ್ಲ. ಅವನು ತನ್ನ ಬಾಳಿನಲ್ಲಿ ತಾನೇ ಮಾಡಿದ ಮೊದಲ ನಿರ್ಧಾರವು ಬಿಡುವ ನಿರ್ಧಾರ. ಅಂದಿನಿಂದ ಅವನು ಸೆಟ್ಟಿಯ ಮಗನಲ್ಲ, ಸುಕುಮಾರಸ್ವಾಮಿ.

ಒಂದು ಕಥೆಯ ಕೊನೆಯಲ್ಲಿಯೂ ನೆತ್ತರಿದೆ, ಇನ್ನೊಂದರ ಕೊನೆಯಲ್ಲಿಯೂ ಇದೆ. ಒಂದು, ಇನ್ನೊಬ್ಬರ ನೋವಿಗೆ ಸುಮ್ಮನಿದ್ದವನ ಕೈಯದು. ಇನ್ನೊಂದು, ತನ್ನ ಕಾಲಿನಲ್ಲಿ ತಾನೇ ನಡೆದವನದು.

ವ್ರತವೇ ಸಾಮಾನಾದಾಗ

ನೋಂಪಿ, ಉಪವಾಸಗಳನ್ನು ನಡೆಸುವ ಮನೆಗಳಿಗೆ ಒಂದು ಎಚ್ಚರಿಕೆ ಉಳಿದಿದೆ. ವ್ರತವೂ ಕೊಳ್ಳುವ ವಸ್ತುವಾಗಬಲ್ಲದು. ಇಷ್ಟು ಉಪವಾಸ ಮಾಡಿದೆನೆಂಬ ಸಂಖ್ಯೆಯು ಆಭರಣವಾಗಬಹುದು. ಉದ್ಯಾಪನೆಯ ಪಾತ್ರೆಗಳ ಭಾರ, ಪಾರಣೆಯ ಊಟದ ಬಗೆಗಳು, ಆಮಂತ್ರಣದ ಕಾಗದದ ಹೊಳಪು ಇವೇ ಊರಿನ ಮಾತಾದರೆ ಉಪವಾಸದಿಂದ ಬಿಟ್ಟುದನ್ನು ಉದ್ಯಾಪನೆಯಿಂದ ಇಮ್ಮಡಿಯಾಗಿ ಕೊಂಡಂತಾಯಿತು. ಧರ್ಮಪ್ರಭಾವನೆಗೂ ಕುಲಪ್ರದರ್ಶನಕ್ಕೂ ಇರುವ ಗೆರೆ ಸಣ್ಣದು. ಬಡ ಸಹಧರ್ಮಿಯೊಬ್ಬಳು 'ನಮಗೆ ಇಂಥ ಉದ್ಯಾಪನೆ ಮಾಡಲಾಗದು, ಆದುದರಿಂದ ನೋಂಪಿಯನ್ನೇ ಹಿಡಿಯಲಾರೆ' ಎಂದು ಹಿಂಜರಿದರೆ ಆ ಗೆರೆಯನ್ನು ದಾಟಿಯಾಗಿದೆ ಎಂದು ತಿಳಿಯಬೇಕು.

ದಶಲಕ್ಷಣ ಪರ್ವದ ಒಂಬತ್ತನೆಯ ಧರ್ಮವು ಉತ್ತಮ ಆಕಿಂಚನ್ಯ. ಆ ದಿನ ಮನೆಯ ಹಿರಿಯರೂ ಕಿರಿಯರೂ, ಮುಖ್ಯವಾಗಿ ಸೊಸೆಯರೂ, ಒಟ್ಟಿಗೆ ಕುಳಿತು ಬಾಹ್ಯ ಪರಿಗ್ರಹದ 10 ಹೆಸರುಗಳನ್ನು ಒಂದು ಕಾಗದದಲ್ಲಿ ಬರೆಯಲಿ. ಪ್ರತಿಯೊಂದರ ಮುಂದೆ ಮೂರು ಮಾತು: ಎಷ್ಟಿದೆ, ಎಷ್ಟು ಸಾಕು, ಹೆಚ್ಚಿನದು ಎಲ್ಲಿಗೆ ಹೋಗಬೇಕು. ಮೂರನೆಯ ಮಾತಿಗೆ ಆಹಾರ, ಔಷಧ, ಶಾಸ್ತ್ರ, ಅಭಯವೆಂಬ ನಾಲ್ಕು ದಾನಗಳು ದಾರಿ ತೋರುತ್ತವೆ. ಮೊದಲು ಒಂದು ವರ್ಷದ ಮಟ್ಟಿಗೆ ಅಳತೆ ಗೊತ್ತುಮಾಡಿದರೆ ಸಾಕು. ಕಾಗದವನ್ನು ಹೊರಗಿನವರಿಗೆ ತೋರಿಸಬಾರದು. ಮನೆಯಲ್ಲಿ ಅನಿತಾಳಂತೆ ಪ್ರಶ್ನೆ ಕೇಳುವವರು ಇದ್ದರೆ ಅವರ ಮಾತನ್ನು ಮೊದಲು ಕೇಳಬೇಕು. ಪ್ರಶ್ನೆ ಕೇಳುವವರು ಇನ್ನೂ ಉಳಿದಿರುವ ಮನೆಯೇ ಭಾಗ್ಯವುಳ್ಳ ಮನೆ.

ಸ್ವಾಧ್ಯಾಯಕ್ಕೆ ಪ್ರಶ್ನೆಗಳು

1. ಇಲ್ಲದುದರಿಂದ ಬಂದ ಮಿತಿಗೂ ವ್ರತದಿಂದ ಬಂದ ಮಿತಿಗೂ ಇರುವ ಭೇದವನ್ನು ನಿಮ್ಮ ಮನೆಯ ಒಂದು ಉದಾಹರಣೆಯಿಂದ ವಿವರಿಸಿರಿ.
2. ಪರಿಗ್ರಹ ಪರಿಮಾಣಕ್ಕೆ ಇಚ್ಛಾಪರಿಮಾಣವೆಂಬ ಹೆಸರು ಏಕೆ ಒಪ್ಪುತ್ತದೆ?
3. ಐದು ಅತಿಚಾರಗಳಲ್ಲಿ ಈ ವರ್ಷ ನಿಮ್ಮ ಮನೆಗೆ ಹತ್ತಿರ ಬಂದುದು ಯಾವುದು?
4. ಕಾದಂಬರಿಯ ಹೆಸರಿಲ್ಲದ ನಿರೂಪಕನು ಯಾವ ಕ್ಷಣದಲ್ಲಿ ಬಾಯಿ ತೆರೆದಿದ್ದರೆ ಮುಂದಿನದು ತಪ್ಪುತ್ತಿತ್ತು?
5. ಸುಕುಮಾರನ ಚಡಪಡಿಕೆಯನ್ನು ಅರಸನು ರೋಗವೆಂದುದು ತಪ್ಪು ತಿಳಿವಳಿಕೆಯೋ ಸರಿಯಾದ ತಿಳಿವಳಿಕೆಯೋ?

ಈ ಪ್ರಶ್ನೆಗಳನ್ನು ಅಷ್ಟಮಿ, ಚತುರ್ದಶಿಗಳ ಏಕಭುಕ್ತದ ದಿನ ಮಕ್ಕಳೊಡನೆ ಚರ್ಚಿಸಬಹುದು. ಹೊಟ್ಟೆ ಹಗುರಾಗಿರುವ ದಿನ ಲೆಕ್ಕವೂ ನಿಚ್ಚಳವಾಗಿ ಕಾಣುತ್ತದೆ.